ಮೊದಲು ಟೈರ್, ಆಮೇಲೆ ರಿಮ್: ಡಾಟ್ಸನ್ 240ಝಡ್‌ಗೆ ಚಕ್ರದ ಅಳತೆ ಆರಿಸುವ ಬಗೆ

ನನ್ನ ಗ್ಯಾರೇಜಿನ ಮೂಲೆಯಲ್ಲಿ ನಾಲ್ಕು ರಿಮ್‌ಗಳು ಎರಡು ವರ್ಷ ಕಾಲ ಹಳೆಯ ಬೆಡ್‌ಶೀಟ್ ಹೊದ್ದು ಕುಳಿತಿದ್ದವು. ಹದಿನಾರು ಇಂಚು ವ್ಯಾಸ, ಎಂಟು ಇಂಚು ಅಗಲ, ಎಂಟು ಕಡ್ಡಿ, ಹೊಳೆಯದ ಕಪ್ಪು ಬಣ್ಣ. ಕಂಡವರೆಲ್ಲ ಹೊಗಳಿದರು, ಕಾರೊಂದು ಬಿಟ್ಟು. 1972ರ ಡಾಟ್ಸನ್ 240ಝಡ್ ಮನೆಗೆ ಬಂದ ಮೂರನೆಯ ವಾರದಲ್ಲೇ, ಅಳತೆಪಟ್ಟಿಯನ್ನು ಕೈಗೂ ತೆಗೆದುಕೊಳ್ಳದೆ, ಚಂದಕ್ಕೆ ಮರುಳಾಗಿ ಅವನ್ನು ತಂದಿದ್ದೆ. ಹುಡುಗಿ ನೋಡುವ ಮೊದಲೇ ಛತ್ರಕ್ಕೆ ಮುಂಗಡ ಕೊಟ್ಟ ಹಾಗೆ. ಹಿಂದಿನ ಚಕ್ರದ ಟೈರ್ ಸ್ಪ್ರಿಂಗ್ ಕೂರುವ ತಟ್ಟೆಗೆ ಒರೆಸುತ್ತಿತ್ತು. ಹೊರಗಡೆ ಮಡ್‌ಗಾರ್ಡಿನ ಅಂಚು ರಬ್ಬರನ್ನು ಕೆತ್ತುತ್ತಿತ್ತು. ತಪ್ಪು ರಿಮ್ ಮಾಡಿದವರದ್ದಲ್ಲ, ಪೂರ್ತಿ ನನ್ನದು. ಕೊನೆಗೆ ಅವನ್ನು ನಷ್ಟಕ್ಕೆ ಮಾರಿ, ಮೊದಲಿನಿಂದ ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

240ಝಡ್ ಅನ್ನೇ ಉದಾಹರಣೆಯಾಗಿ ಆರಿಸಿದ್ದಕ್ಕೆ ನನ್ನಲ್ಲಿ ಅದು ಇದೆ ಎಂಬುದಷ್ಟೇ ಕಾರಣವಲ್ಲ. 1969ರ ಕೊನೆಯಲ್ಲಿ ಜಪಾನಿನಲ್ಲಿ ಹುಟ್ಟಿ, ಅಮೆರಿಕದಲ್ಲಿ 3,526 ಡಾಲರಿಗೆ ಮಾರಾಟಕ್ಕೆ ಬಂದ ಈ ಎರಡು ಸೀಟಿನ ಕಾರು, ಅಂದಿನಿಂದ ಇಂದಿನವರೆಗೆ ಜನ ಕೈಯಾಡಿಸುತ್ತಲೇ ಬಂದಿರುವ ಕಾರು. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಕಾರ್ಖಾನೆಯಿಂದ ಬಂದ ರೂಪದಲ್ಲೇ ಉಳಿದಿರುವ 240ಝಡ್‌ಗಿಂತ ಎಂಜಿನ್, ಬ್ರೇಕ್, ಸ್ಪ್ರಿಂಗ್ ಬದಲಾದವೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಹಾಗೆ ಬದಲಾದ ಕಾರಿನಲ್ಲಿ ಹಳೆಯ ಕೈಪಿಡಿಯ ಅಳತೆ ನಡೆಯುವುದಿಲ್ಲ, ಪಕ್ಕದ ಮನೆಯವನ ಕಾರಿನ ಅಳತೆಯೂ ನಡೆಯುವುದಿಲ್ಲ. ನಿಮ್ಮ ಕಾರಿನ ಅಳತೆಯನ್ನು ನೀವೇ ತೆಗೆಯಬೇಕು. ಅಂಕಿಗಳು ಈ ಕಾರಿನವು. ವಿಧಾನ ಮಾತ್ರ ಎಂಜಿಬಿಗೂ ಆಗುತ್ತದೆ, ಹಳೆಯ ಆಲ್ಫಾಗೂ ಆಗುತ್ತದೆ.

ಉಳಿದ ಕೆಲಸ ಮುಗಿದಿದೆಯೇ?

ಚಕ್ರ ಕೊನೆಯ ಖರೀದಿಯಾಗಬೇಕು. ಮುಂದಿನ ವರ್ಷ ದೊಡ್ಡ ಬ್ರೇಕ್ ಹಾಕಿಸುವ ಆಲೋಚನೆ ಇದ್ದರೆ ಈ ವರ್ಷ ಕೊಂಡ ರಿಮ್ ಅದರ ಮೇಲೆ ಕೂರದೇ ಹೋಗಬಹುದು. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸುವುದಾದರೆ ಮಡ್‌ಗಾರ್ಡ್ ಮತ್ತು ಟೈರಿನ ನಡುವಿನ ಜಾಗವೇ ಬೇರೆಯಾಗುತ್ತದೆ. ಎಂಜಿನ್ ಬದಲಾಗುವುದಾದರೂ ಚಕ್ರಕ್ಕೆ ಸಂಬಂಧವಿದೆ. 280ಝಡ್‌ನ 2.8 ಲೀಟರ್ ಎಂಜಿನ್ ತಂದು ಕೂರಿಸುವುದು ಈ ಕಾರಿನ ಜನಪ್ರಿಯ ಮಾರ್ಪಾಡು. ಅದಕ್ಕಿಂತ ಬಹಳ ಜೋರಿನ ಎಂಜಿನ್ ಹಾಕಿ, ಹಿಂದೆ ಅಗಲವಾದ, ನೆಲಕ್ಕೆ ಅಂಟುವಂಥ ಟೈರ್ ತೊಡಿಸಿದರೆ, ಜಾರಿ ಹೋಗಬೇಕಿದ್ದ ಬಲವೆಲ್ಲ ಹಿಂದಿನ ಹಬ್‌ನ (ಚಕ್ರವನ್ನು ಬಿಗಿಯುವ ನಡುಭಾಗ) ಗಿಡ್ಡ ಆಕ್ಸಲ್ ಮೇಲೆ ಬೀಳುತ್ತದೆ. 240ಝಡ್‌ನ ಆ ಆಕ್ಸಲ್‌ಗೆ, ಬಲವನ್ನು ಹಿಡಿದು ದಾಟಿಸಲು, 25 ಹಲ್ಲು. ನಂತರದ 280ಝಡ್‌ಗೆ 27. ಹಲ್ಲು ಹೆಚ್ಚಿಸಿದ್ದು ಸುಮ್ಮನೆ ಅಲ್ಲ.

ಕಾರನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಭಾನುವಾರ ಬೆಳಗ್ಗೆ ಬೆಟ್ಟದ ದಾರಿಯಲ್ಲಿ ಒಂದು ಸುತ್ತು ಎಂದಿದ್ದರೆ ಅದಕ್ಕೊಂದು ಅಳತೆ, ಟ್ರ್ಯಾಕ್ ಎಂದಿದ್ದರೆ ಇನ್ನೊಂದು. ಎರಡಕ್ಕೂ ಒಂದೇ ಜೊತೆ ಸಾಕು ಎನ್ನುವವರು ಸಾಮಾನ್ಯವಾಗಿ ಎರಡಕ್ಕೂ ಒಗ್ಗದ್ದನ್ನು ಕೊಳ್ಳುತ್ತಾರೆ.

ಹಳೆಯ ಬರಹ ಓದುವುದು

240ಝಡ್ ಕಾರ್ಖಾನೆಯಿಂದ ಬಂದದ್ದು 14 ಇಂಚಿನ, ನಾಲ್ಕೂವರೆ ಇಂಚು ಅಗಲದ ಸ್ಟೀಲ್ ರಿಮ್‌ನಲ್ಲಿ. ಟೈರಿನ ಮೇಲೆ 175ಎಚ್‌ಆರ್14 ಎಂದಿತ್ತು. 175 ಎಂದರೆ ಮಿಲಿಮೀಟರಿನಲ್ಲಿ ಅಗಲ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗೆ ತಾಳುತ್ತದೆ ಎಂಬ ಗುರುತು. ಆರ್ ಎಂದರೆ ರೇಡಿಯಲ್. ಇಂದಿನ ಟೈರಿನಲ್ಲಿ ಓರೆಗೆರೆಯ ನಂತರ ಬರುವ ಶೇಕಡಾವಾರು ಅಂಕಿ ಇಲ್ಲಿ ಇಲ್ಲ. ಆ ಕಾಲದ ರೇಡಿಯಲ್‌ಗಳಲ್ಲಿ ಪಕ್ಕೆಯ ಎತ್ತರ ಅಗಲದ ಸುಮಾರು ಶೇ 80ರಿಂದ 82 ಇರುವುದು ರೂಢಿಯಾಗಿದ್ದರಿಂದ ಅದನ್ನು ಬರೆಯುತ್ತಲೇ ಇರಲಿಲ್ಲ.

ಹಾಗಾಗಿ ಪಕ್ಕೆ ಸುಮಾರು 140 ಮಿಮೀ. ಅದನ್ನು ಎರಡರಿಂದ ಗುಣಿಸಿ, 14 ಇಂಚಿನ 355.6 ಮಿಮೀ ಕೂಡಿಸಿದರೆ ಪೂರ್ತಿ ಎತ್ತರ 635 ಮಿಮೀ ಆಸುಪಾಸು ಬರುತ್ತದೆ. ಈ ಕಾರಿನ ಸ್ಪೀಡೋಮೀಟರ್, ಗೇರ್ ಅನುಪಾತ, ಮಡ್‌ಗಾರ್ಡಿನ ಕಮಾನು ಎಲ್ಲವೂ ಈ ಒಂದು ಅಂಕಿಯ ಸುತ್ತ ಹೆಣೆದದ್ದು. ಆದ್ದರಿಂದ ಮೊದಲ ತೀರ್ಮಾನ ಅಗಲದ್ದಲ್ಲ, ರಿಮ್ ವ್ಯಾಸದ್ದೂ ಅಲ್ಲ. ಟೈರಿನ ಎತ್ತರದ್ದು.

ಎತ್ತರ

ಝಡ್‌ಗೆ ಜನ ಹಾಕುವ ಅಳತೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿ:

195/70ಆರ್14 – 629 ಮಿಮೀ
195/60ಆರ್15 – 615 ಮಿಮೀ
205/60ಆರ್15 – 627 ಮಿಮೀ
225/50ಆರ್15 – 606 ಮಿಮೀ
205/50ಆರ್15 – 586 ಮಿಮೀ
205/55ಆರ್16 – 632 ಮಿಮೀ
225/50ಆರ್16 – 631 ಮಿಮೀ
225/45ಆರ್17 – 634 ಮಿಮೀ

ಲೆಕ್ಕ ಸರಳ: ಅಗಲ × ಶೇಕಡಾವಾರು × 2, ಅದಕ್ಕೆ ರಿಮ್‌ನ ಇಂಚನ್ನು 25.4ರಿಂದ ಗುಣಿಸಿ ಕೂಡಿಸುವುದು. ಕಂಪನಿಯಿಂದ ಕಂಪನಿಗೆ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತದೆ. ಕೊಳ್ಳುವ ಮುನ್ನ ಆ ಮಾದರಿಯ ತಾಂತ್ರಿಕ ಪಟ್ಟಿಯಲ್ಲಿ ನಿಜವಾದ ವ್ಯಾಸವನ್ನು ನೋಡಿ.

ಎತ್ತರ ಕಡಿಮೆಯಾದರೆ ಏನಾಗುತ್ತದೆ? ಅಮೆರಿಕದಲ್ಲಿ ಮಾರಿದ ನಾಲ್ಕು ಗೇರಿನ 240ಝಡ್‌ನ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರು) ಅನುಪಾತ 3.364, ಕೊನೆಯ ಗೇರ್ ನೇರ, ಅಂದರೆ 1:1. 635 ಮಿಮೀ ಟೈರಿನಲ್ಲಿ ಗಂಟೆಗೆ 100 ಕಿಲೋಮೀಟರ್ ಓಡುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2,800 ಸುತ್ತು ಹೊಡೆಯುತ್ತದೆ. 606 ಮಿಮೀ ಟೈರ್ ಹಾಕಿದರೆ 2,950ರ ಹತ್ತಿರ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸುವವರ ಕಿವಿಗೆ ಈ ವ್ಯತ್ಯಾಸ ತಿಳಿಯುತ್ತದೆ. ಬೆಟ್ಟದ ದಾರಿಯಲ್ಲಿ ಇದೇ ವ್ಯತ್ಯಾಸ ಕಾರನ್ನು ಚುರುಕು ಮಾಡುತ್ತದೆ. ಸ್ಪೀಡೋಮೀಟರ್ ಮೊದಲು ಸರಿಯಾಗಿದ್ದರೆ ಈಗ ನಿಜದ 100ಕ್ಕೆ 105ರ ಹತ್ತಿರ ತೋರಿಸುತ್ತದೆ. ಗೇರ್‌ಬಾಕ್ಸಿನ ಪಕ್ಕದಲ್ಲಿ ಕೇಬಲ್ ಸೇರುವ ಜಾಗದಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ ಇದೆ. ಅದನ್ನು ಬೇರೆ ಹಲ್ಲಿನದಕ್ಕೆ ಬದಲಿಸಿ ಈ ತಪ್ಪನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಎತ್ತರದ ವ್ಯತ್ಯಾಸ ಶೇ 3ರ ಒಳಗಿದ್ದರೆ ನಾನು ಆ ಗೋಜಿಗೇ ಹೋಗುವುದಿಲ್ಲ.

ಇನ್ನೊಂದು ಮಾತು. ಟೈರಿನ ಅರ್ಧ ಎತ್ತರ ಕುಗ್ಗಿದಷ್ಟೂ ಕಾರು ನೆಲಕ್ಕೆ ಹತ್ತಿರವಾಗುತ್ತದೆ. ಝಡ್‌ನ ಸೈಲೆನ್ಸರ್ ಕೊಳವೆ ಮೊದಲೇ ತಗ್ಗಿನಲ್ಲಿದೆ. 586 ಮಿಮೀ ಟೈರ್ ಹಾಕಿ, ಸ್ಪ್ರಿಂಗನ್ನೂ ತಗ್ಗಿಸಿ, ಪ್ರತಿ ಪೆಟ್ರೋಲ್ ಬಂಕಿನ ಹೊಸ್ತಿಲಲ್ಲೂ ಕರಕರ ಎನ್ನಿಸಿಕೊಂಡು ಹೋಗುವವರನ್ನು ಕಂಡಿದ್ದೇನೆ. ಇದೇ ಕಾರು 1971ರಲ್ಲೂ 1973ರಲ್ಲೂ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿ ಗೆದ್ದಿತು ಎಂಬುದನ್ನು ಆಗ ನೆನೆದುಕೊಳ್ಳುತ್ತೇನೆ. ಎರಡನೆಯ ಬಾರಿ ಸ್ಟೀರಿಂಗ್ ಹಿಡಿದಿದ್ದವರು ಶೇಖರ್ ಮೆಹ್ತಾ, ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದವರು. ಕೆಸರು, ಕಲ್ಲು, ಹಳ್ಳ ದಾಟಿದ ಕಾರಿಗೆ ನಾವು ಪೇಟೆಯ ಹಂಪನ್ನು ದಾಟಲಾಗದ ಗತಿ ತರುತ್ತೇವೆ.

15 ಇಂಚೋ, 16 ಇಂಚೋ, 17 ಇಂಚೋ

ಇಲ್ಲಿ ರುಚಿಯ ಮಾತು ಬರುತ್ತದೆ, ನನ್ನದನ್ನು ಮುಚ್ಚಿಡುವುದಿಲ್ಲ. ಈ ಕಾರಿನ ಉದ್ದ ಮೂತಿಗೆ, ದುಂಡು ಕಮಾನಿಗೆ 15 ಇಂಚು ಹೇಳಿ ಮಾಡಿಸಿದ ಹಾಗೆ. ವಾಟಾನಾಬೆ, ಪ್ಯಾನಾಸ್ಪೋರ್ಟ್, ಮಿನಿಲೈಟ್ ಮಾದರಿಯ ರಿಮ್‌ಗಳು ಈ ಅಳತೆಯಲ್ಲಿ ಕಾರಿನ ಜೊತೆಗೇ ಹುಟ್ಟಿದಂತೆ ಕಾಣುತ್ತವೆ. 17ಕ್ಕೆ ಹೋದರೆ ಟೈರಿನ ಪಕ್ಕೆ ತೆಳ್ಳಗಾಗಿ ರಿಮ್ಮೇ ಎದ್ದು ಕಾಣುತ್ತದೆ. ಕುರಿಮರಿಗೆ ಆನೆಯ ಗೆಜ್ಜೆ ಕಟ್ಟಿದಂತೆ ನನಗೆ ಅನ್ನಿಸುತ್ತದೆ.

ಆದರೆ ಅಂಗಡಿಯ ಮಾತು ಬೇರೆ. 15 ಇಂಚಿನಲ್ಲಿ ಒಳ್ಳೆಯ ಹಿಡಿತದ ಟೈರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. 205/50ಆರ್15ರಲ್ಲಿ ಆಯ್ಕೆ ಇದೆ, ಏಕೆಂದರೆ ಮಾಜ್ದಾ ಮಿಯಾಟಾ ಓಡಿಸುವವರು ಅದನ್ನು ಕೊಳ್ಳುತ್ತಾರೆ; ನಮಗೆ ಅದು ಗಿಡ್ಡ. 205/60ಆರ್15ರ ಎತ್ತರ ನಮಗೆ ಸರಿಹೊಂದುತ್ತದೆ, ಆದರೆ ಸಿಗುವುದರಲ್ಲಿ ಬಹುಪಾಲು ಸಂಸಾರಸ್ಥರ ಕಾರಿನ ಸೌಮ್ಯ ಟೈರುಗಳು. 205/55ಆರ್16 ಮಾತ್ರ ಜಗತ್ತಿನ ಎಲ್ಲ ಊರಿನ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಎತ್ತರವೂ ನಮ್ಮ ಮೂಲ ಅಳತೆಗೆ ಮೂರೇ ಮಿಲಿಮೀಟರ್ ಕಡಿಮೆ. ಟ್ರ್ಯಾಕಿಗೆ ಹೋಗುವವರಿಗೆ, ದೂರದೂರಿಗೆ ಓಡಿಸುವವರಿಗೆ ನಾನು 16 ಇಂಚನ್ನೇ ಹೇಳುತ್ತೇನೆ, ನನ್ನ ಕಣ್ಣು ಒಪ್ಪದಿದ್ದರೂ. ಕಾರ್ಖಾನೆಯ ರಿಮ್ ಉಳಿಸಿಕೊಳ್ಳುವವರಿಗೆ ಪಿರೆಲಿ, ಮಿಶೆಲಿನ್, ವ್ರೆಡೆಸ್ಟೈನ್ ಇಂದಿಗೂ ಹಳೆಯ ಕಾರುಗಳಿಗಾಗಿಯೇ ಟೈರ್ ಮಾಡುತ್ತವೆ. ಬೆಲೆ ಕೇಳುವಾಗ ಕುಳಿತು ಕೇಳಿ.

ಟೈರ್ ಸಿಗುತ್ತದೆಯೇ ಎಂದು ಇವತ್ತೇ ಅಂಗಡಿಯಲ್ಲಿ ವಿಚಾರಿಸಿ. ರಿಮ್ ಇಪ್ಪತ್ತು ವರ್ಷ ಬಾಳುತ್ತದೆ. ಟೈರನ್ನು ಅಷ್ಟರಲ್ಲಿ ಮೂರು ಸಲವಾದರೂ ಕೊಳ್ಳಬೇಕಾಗುತ್ತದೆ.

ಅಗಲ

ಟೈರಿನ ಮೇಲೆ ಬರೆದ 225 ಎಂಬುದು ಅದರ ನಿಜವಾದ ಅಗಲವಲ್ಲ. ಒಂದು ನಿಗದಿತ ಅಗಲದ ರಿಮ್ ಮೇಲೆ ಕೂರಿಸಿ ಅಳೆದಾಗ 225/50ರ ಪಕ್ಕೆಯಿಂದ ಪಕ್ಕೆಗೆ 7 ಇಂಚಿನ ರಿಮ್‌ನಲ್ಲಿ 233 ಮಿಮೀ ಬರುತ್ತದೆ. ರಿಮ್ ಅರ್ಧ ಇಂಚು ಅಗಲವಾದಾಗಲೆಲ್ಲ ಪಕ್ಕೆ ಸುಮಾರು 5 ಮಿಮೀ ಉಬ್ಬುತ್ತದೆ. ಅದೇ ಟೈರ್ 8 ಇಂಚಿನ ರಿಮ್ ಮೇಲೆ 243. ನನ್ನ ಆ ಕಪ್ಪು ರಿಮ್‌ಗಳು ನನಗೆ ಕಲಿಸಿದ ಮೊದಲ ಪಾಠ ಇದೇ ಹತ್ತು ಮಿಲಿಮೀಟರ್. 205/60ಆರ್15ಕ್ಕೆ 6 ಇಂಚಿನ ರಿಮ್‌ನಲ್ಲಿ 209. 7 ಇಂಚಿನಲ್ಲಿ 219 ಎಂದಿಟ್ಟುಕೊಳ್ಳಿ.

ಅಗಲ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಟೈರಿನ ಲೋಕದಲ್ಲಿ ಗಟ್ಟಿಯಾಗಿ ಬೇರೂರಿದೆ. ಈ ಕಾರು ಸುಮಾರು 1,040 ಕಿಲೋ ತೂಗುತ್ತದೆ, ಸ್ಟೀರಿಂಗ್‌ಗೆ ಯಾವ ಸಹಾಯವೂ ಇಲ್ಲ, ಪೂರ್ತಿ ನಿಮ್ಮ ತೋಳಿನ ಕೆಲಸ. ಹಗುರ ಕಾರಿಗೆ ಅಗಲ ಟೈರ್ ತೊಡಿಸಿದರೆ ಅದು ಬೇಗ ಬಿಸಿಯೇರುವುದಿಲ್ಲ, ನಿಂತ ನೀರಿನ ಮೇಲೆ ಬೇಗ ತೇಲುತ್ತದೆ, ರಸ್ತೆಯ ಪ್ರತಿ ಗೀರನ್ನೂ ಹಿಂಬಾಲಿಸುತ್ತದೆ, ಪಾರ್ಕಿಂಗ್ ಮಾಡುವಾಗ ಭುಜ ನೋಯಿಸುತ್ತದೆ. ರಸ್ತೆಯ ಕಾರಿಗೆ 195ರಿಂದ 205 ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 225 ಬೇಕೆಂದರೆ ಅದಕ್ಕೆ ತಕ್ಕ ಎಂಜಿನ್ ಇರಲಿ, ಇಲ್ಲವೇ ಟ್ರ್ಯಾಕ್ ಇರಲಿ.

ನಾಲ್ಕು ತೂತು, ನಡುವಿನ ತೂತು, ನಟ್ಟು

240ಝಡ್‌ಗೆ ನಾಲ್ಕು ಸ್ಟಡ್ (ನಟ್ಟು ಬಿಗಿಯುವ ಬೋಲ್ಟು), 114.3 ಮಿಮೀ ವ್ಯಾಸದ ವೃತ್ತದಲ್ಲಿ. ಸ್ಟಡ್ ಎಂ12, ಅಂದರೆ 12 ಮಿಮೀ ದಪ್ಪ, ಎಳೆಗಳ ಅಂತರ 1.25 ಮಿಮೀ. ನಡುವಿನ ತೂತು ಸುಮಾರು 73 ಮಿಮೀ. ಇದೇ 4×114.3 ಹಳೆಯ ಹೋಂಡಾ, ಹ್ಯುಂಡೈ, ನಿಸ್ಸಾನ್‌ನ ಎಷ್ಟೋ ಮುಂಚಕ್ರ ಚಾಲನೆಯ ಕಾರುಗಳಿಗೂ ಇರುವುದರಿಂದ ಅಗ್ಗದ ರಿಮ್‌ಗಳು ಗುಜರಿಯಲ್ಲಿ ರಾಶಿ ಬಿದ್ದಿರುತ್ತವೆ. ಆಸೆ ಪಡಬೇಡಿ. ಅವುಗಳ ನಡುವಿನ ತೂತು 64.1, 66.1 ಅಥವಾ 67.1 ಇರುತ್ತದೆ, ನಿಮ್ಮ ಹಬ್ ಮೇಲೆ ಹೋಗುವುದೇ ಇಲ್ಲ. ಕೊರೆಸಿ ದೊಡ್ಡದು ಮಾಡಿದರೂ ಅವುಗಳ ಆಫ್‌ಸೆಟ್ (ಹಬ್‌ಗೆ ತಾಗುವ ಮುಖ ರಿಮ್‌ನ ನಡುವಿನಿಂದ ಎಷ್ಟು ಸರಿದಿದೆ ಎಂಬ ಅಳತೆ, ಲೆಕ್ಕ ಮುಂದಿದೆ) ಪ್ಲಸ್ 35ರಿಂದ 45 ಮಿಮೀ. ಚಕ್ರ ಒಳಕ್ಕೆ ಹೋಗಿ ಸ್ಟ್ರಟ್‌ಗೆ, ಅಂದರೆ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಹೊತ್ತ ಕಂಬಕ್ಕೆ, ತಗುಲುತ್ತದೆ.

ನಟ್ಟಿನ ವಿಷಯದಲ್ಲಿ ಹುಷಾರು. ಎಪ್ಪತ್ತರ ದಶಕದ ಕೆಲವು ಮಿಶ್ರಲೋಹದ ರಿಮ್‌ಗಳಿಗೆ ಉದ್ದ ಕತ್ತಿನ, ಚಪ್ಪಟೆ ವಾಷರಿನ ನಟ್ ಬೇಕು. ಇಂದಿನವಕ್ಕೆ ಶಂಖದ ತುದಿಯಂತೆ ಚೂಪಾದ, 60 ಡಿಗ್ರಿಯ ನಟ್. ಒಂದರ ಜಾಗದಲ್ಲಿ ಇನ್ನೊಂದನ್ನು ಬಿಗಿದರೆ ಬಿಗಿದಂತೆಯೇ ಕಾಣುತ್ತದೆ, ಸಡಿಲವಾಗುವುದು ದಾರಿಯಲ್ಲಿ. ಮತ್ತೆ, ಐವತ್ತು ವರ್ಷದ ಸ್ಟಡ್‌ಗಳನ್ನು ಈ ನೆಪದಲ್ಲಿ ಬದಲಿಸಿಬಿಡಿ.

ಕಾರಿನ ಬಳಿ ಕುಳಿತು ಅಳೆಯುವುದು

ಇದಕ್ಕೆ ಒಂದು ಶನಿವಾರ ಮೀಸಲಿಡಿ. ಬೇಕಾದದ್ದು ಮಿಲಿಮೀಟರಿನ ಅಳತೆಪಟ್ಟಿ, ಬಡಗಿಯ ಮೂಲೆಮಟ್ಟ, ನೇರವಾದ ಒಂದು ಕಬ್ಬಿಣದ ಪಟ್ಟಿ, ದಾರಕ್ಕೆ ಕಟ್ಟಿದ ತೂಗುಗುಂಡು, ಒಳ್ಳೆಯ ಜಾಕ್, ಸ್ಟ್ಯಾಂಡ್‌ಗಳು, ಪೆನ್ಸಿಲ್, ಕಾಗದ.

ಕಾರು ಸಮತಟ್ಟಾದ ನೆಲದಲ್ಲಿರಲಿ, ಟ್ಯಾಂಕ್ ಅರ್ಧ ತುಂಬಿರಲಿ. ಹಳೆಯ ಚಕ್ರ ಹಾಕಿಯೇ, ಹಬ್‌ನ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನೇರ ಮೇಲಕ್ಕೆ ಎಷ್ಟಿದೆ ಎಂದು ನಾಲ್ಕೂ ಮೂಲೆಗಳಲ್ಲಿ ಬರೆದುಕೊಳ್ಳಿ. ಈಗ ಕಾರನ್ನು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಬಿಚ್ಚಿ. ಸಸ್ಪೆನ್ಷನ್ ಜೋತು ಬೀಳುತ್ತದೆ. ಕೆಳಗಿನ ತೋಳಿನ ಹೊರತುದಿಗೆ ಜಾಕ್ ಕೊಟ್ಟು, ಮೊದಲು ಬರೆದುಕೊಂಡ ಅಳತೆ ಮರಳಿ ಬರುವವರೆಗೆ ಎತ್ತಿ. ಬಹಳ ಜನ ಈ ಹೆಜ್ಜೆಯನ್ನು ಬಿಟ್ಟು, ಜೋತುಬಿದ್ದ ಹಬ್‌ನಲ್ಲೇ ಅಳೆದು ಮೋಸ ಹೋಗುತ್ತಾರೆ.

ಮೊದಲು ಒಳಗಡೆ. ಹಬ್‌ನ ಮುಖಕ್ಕೆ, ಅಂದರೆ ರಿಮ್ ಬಂದು ತಾಗುವ ಸಮತಲಕ್ಕೆ, ಕಬ್ಬಿಣದ ಪಟ್ಟಿಯನ್ನು ಒತ್ತಿ ಹಿಡಿಯಿರಿ. ಅಲ್ಲಿಂದ ಸ್ಟ್ರಟ್‌ನ ಕೊಳವೆಗೆ ಎಷ್ಟು, ಸ್ಪ್ರಿಂಗ್ ಕೂರುವ ತಟ್ಟೆಯ ಅಂಚಿಗೆ ಎಷ್ಟು ಎಂದು ಬೇರೆಬೇರೆಯಾಗಿ ಅಳೆಯಿರಿ. ಹಬ್‌ನ ನಡುವಿನಿಂದ ಆ ತಟ್ಟೆಯ ತಳ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಬರೆಯಿರಿ. ಝಡ್‌ನ ಇಡೀ ಒಗಟು ಈ ಮೂರನೆಯ ಅಂಕಿಯಲ್ಲಿದೆ. ಟೈರಿನ ಅರ್ಧ ಎತ್ತರ ಇದಕ್ಕಿಂತ ಹತ್ತು ಮಿಮೀ ಕಡಿಮೆ ಇದ್ದರೆ ಟೈರ್ ತಟ್ಟೆಯ ಕೆಳಗೆ ನುಸುಳುತ್ತದೆ. ಆಗ ಕೊಳವೆಯೊಂದೇ ನಿಮ್ಮ ಎಲ್ಲೆ. ಹೆಚ್ಚಿದ್ದರೆ ತಟ್ಟೆಯೇ ಎಲ್ಲೆ, ಜಾಗ ತಟ್ಟನೆ ಕಿರಿದಾಗುತ್ತದೆ. ಗಿಡ್ಡನೆಯ 225/50ಆರ್15 ಹಾಯಾಗಿ ಕೂರುವ ಕಾರಿನಲ್ಲಿ ಅಷ್ಟೇ ಅಗಲದ 225/50ಆರ್16 ತಗುಲುವುದು ಇದರಿಂದಲೇ. ಸ್ಟ್ರಟ್ ಸುತ್ತಲೇ ಸಣ್ಣ ವ್ಯಾಸದ ಸ್ಪ್ರಿಂಗ್ ಇರುವ ಕಾಯಿಲೋವರ್ ಹಾಕಿಸಿದ ಕಾರಿನಲ್ಲಿ ಆ ದೊಡ್ಡ ತಟ್ಟೆಯೇ ಇರುವುದಿಲ್ಲವಾದ್ದರಿಂದ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ.

ಆಮೇಲೆ ಹೊರಗಡೆ. ಮಡ್‌ಗಾರ್ಡಿನ ಅಂಚಿನ ಒಳಬದಿಯಿಂದ ತೂಗುಗುಂಡು ಇಳಿಬಿಟ್ಟು, ಹಬ್‌ನ ಮುಖದಿಂದ ದಾರಕ್ಕೆ ಎಷ್ಟು ಎಂದು ಅಳೆಯಿರಿ. ನೇರ ಮೇಲಷ್ಟೇ ಅಲ್ಲ, ಗಡಿಯಾರದ ಹತ್ತು ಗಂಟೆ ಮತ್ತು ಎರಡು ಗಂಟೆಯ ದಿಕ್ಕಿನಲ್ಲೂ ನೋಡಿ. ಮುಂದಿನ ಚಕ್ರಕ್ಕೆ ಇನ್ನೊಂದು ಕೆಲಸ ಇದೆ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಟೈರಿನ ಮುಂಭಾಗ ಬಂಪರಿನ ಕೆಳಗಿನ ತಗಡಿಗೆ, ಹಿಂಭಾಗ ಮಡ್‌ಗಾರ್ಡಿನ ಬುಡಕ್ಕೆ ಎಷ್ಟು ಹತ್ತಿರ ಬರುತ್ತದೆ ಎಂದು ಅಂದಾಜು ಮಾಡಿ.

ನಾಲ್ಕೂ ಮೂಲೆಗಳಲ್ಲಿ ಇದನ್ನೇ ಮಾಡಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ ನಿಮ್ಮ ಅಳತೆ ತಪ್ಪಿತೆಂದು ಗಾಬರಿಯಾಗಬೇಡಿ. ಅರ್ಧ ಶತಮಾನದಲ್ಲಿ ಎಲ್ಲೋ ಗುದ್ದಿಸಿಕೊಂಡು, ಯಾರೋ ತಗಡು ತಟ್ಟಿ, ಪುಟ್ಟಿ ಮೆತ್ತಿ, ಬಣ್ಣ ಬಳಿದ ಕಾರುಗಳಿವು. ಅತಿ ಕಡಿಮೆ ಬಂದ ಅಂಕಿಯೇ ನಿಮ್ಮ ಅಂಕಿ.

ಆಫ್‌ಸೆಟ್ ಲೆಕ್ಕ

ಹಬ್‌ಗೆ ತಾಗುವ ಮುಖ ರಿಮ್‌ನ ಅಗಲದ ನಟ್ಟನಡುವೆ ಇದ್ದರೆ ಆಫ್‌ಸೆಟ್ ಸೊನ್ನೆ. ಆ ಮುಖ ರಸ್ತೆ ಕಾಣುವ ಕಡೆಗೆ ಸರಿದಿದ್ದರೆ ಪ್ಲಸ್. ಚಕ್ರ ಕಾರಿನೊಳಕ್ಕೆ ಹೋಗುತ್ತದೆ. ಎಂಜಿನ್ ಕಡೆಗೆ ಸರಿದಿದ್ದರೆ ಮೈನಸ್. ಚಕ್ರ ಹೊರಕ್ಕೆ ಬರುತ್ತದೆ. ಅಮೆರಿಕದ ಹಳಬರು ಇದನ್ನೇ ಬ್ಯಾಕ್‌ಸ್ಪೇಸಿಂಗ್ ಎಂದು ಹೇಳುತ್ತಾರೆ: ರಿಮ್‌ನ ಒಳ ಅಂಚಿನಿಂದ ಆ ಮುಖದವರೆಗಿನ ದೂರ. 7 ಇಂಚಿನ ರಿಮ್ ಎಂದರೆ ಟೈರ್ ಕೂರುವ ಜಾಗ 7 ಇಂಚು, ಅಂಚುಗಳನ್ನು ಸೇರಿಸಿ ಹೊರಗಿನಿಂದ ಅಳೆದರೆ ಸುಮಾರು 8. ಹಾಗಾಗಿ ಸೊನ್ನೆ ಆಫ್‌ಸೆಟ್‌ನ 7 ಇಂಚಿನ ರಿಮ್‌ನ ಬ್ಯಾಕ್‌ಸ್ಪೇಸಿಂಗ್ 4 ಇಂಚು. ಮಾರುವವನು 7ರ ಅರ್ಧ ಮೂರೂವರೆ ಎಂದರೆ ಅವನಿಗೆ ಲೆಕ್ಕ ಗೊತ್ತಿಲ್ಲ.

ಆದರೆ ತಗುಲುವುದು ರಿಮ್ ಅಲ್ಲ, ಟೈರಿನ ಉಬ್ಬು. ಅದರಿಂದ ನಾನು ಟೈರಿನ ಅಗಲದಲ್ಲೇ ಲೆಕ್ಕ ಹಾಕುತ್ತೇನೆ. ಹಬ್ ಮುಖದಿಂದ ಒಳಕ್ಕೆ: ಟೈರಿನ ನಿಜವಾದ ಅಗಲದ ಅರ್ಧ + ಆಫ್‌ಸೆಟ್. ಹೊರಕ್ಕೆ: ಅದೇ ಅರ್ಧ – ಆಫ್‌ಸೆಟ್.

ಒಳಗೆ 124 ಮಿಮೀ, ಹೊರಗೆ 130 ಮಿಮೀ ಜಾಗ ಸಿಕ್ಕಿತೆನ್ನಿ. ಲೆಕ್ಕ ತೋರಿಸಲು ಹಿಡಿದ ಅಂಕಿಗಳಿವು, ನಿಮ್ಮವು ಬೇರೆ ಬರುತ್ತವೆ. ಒಳಗೆ 6 ಮಿಮೀ ಬಿಟ್ಟರೆ ಸಾಕು, ಏಕೆಂದರೆ ಸ್ಟ್ರಟ್ ಹಬ್‌ಗೇ ಅಂಟಿಕೊಂಡಿದೆ. ಚಕ್ರ ಏರಿದಾಗ ಅದೂ ಏರುತ್ತದೆ, ತಿರುಗಿದಾಗ ಅದೂ ತಿರುಗುತ್ತದೆ, ನಡುವಿನ ಅಂತರ ಬದಲಾಗುವುದಿಲ್ಲ. ಹೊರಗೆ ಹಾಗಲ್ಲ. ಮಡ್‌ಗಾರ್ಡ್ ನಿಂತಲ್ಲೇ ನಿಂತಿರುತ್ತದೆ, ಟೈರ್ ಅದರ ಕಡೆಗೆ ಏರುತ್ತದೆ, ತಿರುವಿನಲ್ಲಿ ರಬ್ಬರಿನ ಬುಷ್‌ಗಳು ಬಾಗುತ್ತವೆ, ಪಕ್ಕೆ ಹೊರಳುತ್ತದೆ. ಅಲ್ಲಿ 12 ಬಿಡಿ. ಉಳಿದದ್ದು ಎರಡೂ ಕಡೆ 118.

225/50ಆರ್15, 7 ಇಂಚು, ಸೊನ್ನೆ ಆಫ್‌ಸೆಟ್: ಎರಡೂ ಕಡೆ 116.5. ಕೂರುತ್ತದೆ, ಒಂದೂವರೆ ಮಿಲಿಮೀಟರ್ ಉಳಿಸಿಕೊಂಡು. 205/60ಆರ್15, ಅದೇ ರಿಮ್: 109.5. ಆರಾಮವಾಗಿ ಕೂರುತ್ತದೆ. 225/50ಆರ್16, 8 ಇಂಚು, ಸೊನ್ನೆ: 121.5. ಎರಡೂ ಕಡೆ ಹೆಚ್ಚಾಯಿತು. ಪ್ಲಸ್ 10 ಆಫ್‌ಸೆಟ್‌ನದ್ದು ತಂದು ಹೊರಗಡೆ ಉಳಿಸಿಕೊಳ್ಳುತ್ತೇನೆಂದರೆ ಒಳಗಡೆ 131.5 ಆಗಿ ಸ್ಟ್ರಟ್‌ಗೆ ಗುದ್ದುತ್ತದೆ. ಇಂಥ ಜಾಗದಲ್ಲಿ ಆ ಟೈರಿಗೆ 8 ಇಂಚಿನ ರಿಮ್ ಯಾವ ಆಫ್‌ಸೆಟ್‌ನಲ್ಲೂ ಕೂರುವುದಿಲ್ಲ. ಈ ಐದು ನಿಮಿಷದ ಗುಣಾಕಾರ ಮಾಡಿದ್ದರೆ ನನ್ನ ಬೆಡ್‌ಶೀಟ್ ಬೇರೆ ಕೆಲಸಕ್ಕೆ ಬರುತ್ತಿತ್ತು.

ಹಬ್‌ಗೂ ರಿಮ್‌ಗೂ ನಡುವೆ ಸ್ಪೇಸರ್ ಹಾಕಿ ಸರಿಮಾಡುವ ಯೋಚನೆ ಬಂದೇ ಬರುತ್ತದೆ. 5 ಮಿಮೀವರೆಗಿನ ತೆಳು ಬಿಲ್ಲೆ ಒಪ್ಪಬಹುದು, ಸ್ಟಡ್ ಉದ್ದವಿದ್ದರೆ ಮಾತ್ರ. ನಟ್ಟಿನೊಳಗೆ ಕನಿಷ್ಠ 12 ಮಿಮೀ ಎಳೆ ಹೋಗಬೇಕು, 1.25 ಎಳೆಯಲ್ಲಿ ಹತ್ತು ಸುತ್ತು ಎಂದಾಯಿತು. ಬೆರಳಲ್ಲಿ ತಿರುಗಿಸುತ್ತ ಎಣಿಸಿ. ಚಕ್ರವನ್ನು ಹೊರಕ್ಕೆ ತಂದಷ್ಟೂ ಹಬ್‌ನ ಬೇರಿಂಗ್ ಮೇಲೆ ಹೊರೆ ಹೆಚ್ಚುತ್ತದೆ, ಬ್ರೇಕ್ ಹಿಡಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ.

ಬ್ರೇಕ್

ಕಾರ್ಖಾನೆಯ ಬ್ರೇಕ್ ಇದ್ದರೆ ಚಿಂತೆ ಇಲ್ಲ, ಅದು 14 ಇಂಚಿನೊಳಗೇ ಕೂರುವಂತೆ ಮಾಡಿದ್ದು. ಟೊಯೊಟಾದ ನಾಲ್ಕು ಚಕ್ರ ಚಾಲನೆಯ ಪಿಕಪ್‌ನ ನಾಲ್ಕು ಪಿಸ್ಟನ್ ಕ್ಯಾಲಿಪರ್ (ಬ್ರೇಕಿನ ತಟ್ಟೆಯನ್ನು ಹಿಡಿಯುವ ಇಕ್ಕಳ) ತಂದು ಹಾಕುವುದು ಈ ಕಾರಿನಲ್ಲಿ ಹಳೆಯ ರೂಢಿ. ಅದು ದಪ್ಪ. ರಿಮ್‌ನ ವ್ಯಾಸ ಸಾಕಾದರೂ ಕಡ್ಡಿಗಳ ಹಿಂಬದಿ ತಗುಲಬಹುದು, ಅದು ಆಫ್‌ಸೆಟ್ ಒಂದರಿಂದಲೇ ತಿಳಿಯುವುದಿಲ್ಲ. ಒಂದೇ ಆಫ್‌ಸೆಟ್‌ನ ಎರಡು ರಿಮ್‌ಗಳಲ್ಲಿ ಒಂದರ ಕಡ್ಡಿ ಹೊರಕ್ಕೆ ಬಾಗಿರುತ್ತದೆ, ಇನ್ನೊಂದರದ್ದು ಚಪ್ಪಟೆ. ರಟ್ಟಿನಲ್ಲಿ ಕ್ಯಾಲಿಪರಿನ ಆಕಾರ ಕತ್ತರಿಸಿ ಅಂಗಡಿಗೆ ಕೊಂಡೊಯ್ದು ರಿಮ್‌ನೊಳಗೆ ಹಿಡಿದು ನೋಡಿ. ಕನಿಷ್ಠ 3 ಮಿಮೀ ಬೆಳಕು ಕಾಣಬೇಕು.

ಒಂದನ್ನು ತೊಡಿಸಿ ನೋಡುವುದು

ನಾಲ್ಕಕ್ಕೂ ಹಣ ಕೊಡುವ ಮೊದಲು ಒಂದೇ ಒಂದು ರಿಮ್, ಟೈರ್ ಸಮೇತ, ಎರವಲು ತನ್ನಿ. ಝಡ್ ಇಟ್ಟುಕೊಂಡವರು ಇದಕ್ಕೆ ಇಲ್ಲ ಎನ್ನುವುದಿಲ್ಲ, ಬದಲಿಗೆ ನಿಮ್ಮ ಕಾರಿನ ಬಗ್ಗೆ ಎರಡು ಗಂಟೆ ಮಾತಾಡುತ್ತಾರೆ. ಕಾಯಿಲೋವರ್ ಇದ್ದರೆ ಸ್ಪ್ರಿಂಗ್ ತೆಗೆದು, ಹಬ್‌ನ ಕೆಳಗೆ ಜಾಕ್ ಕೊಟ್ಟು, ಸ್ಟ್ರಟ್ ಕೊನೆಯ ರಬ್ಬರಿಗೆ ತಾಗುವವರೆಗೆ ಎತ್ತಿ. ಮುಂದಿನದಾದರೆ ಆ ಸ್ಥಿತಿಯಲ್ಲಿ ಸ್ಟೀರಿಂಗನ್ನೂ ತಿರುಗಿಸಿ. ಮೂಲ ಸ್ಪ್ರಿಂಗ್ ಇದ್ದರೆ ಅದನ್ನು ಬಿಚ್ಚುವುದು ಅಪಾಯದ ಕೆಲಸ, ಸ್ಪ್ರಿಂಗನ್ನು ಅದುಮಿ ಹಿಡಿಯುವ ಸರಿಯಾದ ಬಿಗಿಪಟ್ಟು ಇಲ್ಲದೆ ಕೈ ಹಾಕಬೇಡಿ. ಬದಲಿಗೆ ಮಡ್‌ಗಾರ್ಡಿನ ಒಳ ಅಂಚಿಗೆ, ಸ್ಪ್ರಿಂಗ್ ತಟ್ಟೆಗೆ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ತೆಳ್ಳಗೆ ಮೆತ್ತಿ, ಹಿಂದೆ ಇಬ್ಬರು ದಡೂತಿ ಸ್ನೇಹಿತರ ತೂಕದ ಸಾಮಾನು ಹೇರಿ, ಹಂಪುಗಳ ಮೇಲೆ ನಿಧಾನವಾಗಿ ಒಂದು ಸುತ್ತು ಬನ್ನಿ. ಜೇಡಿ ಒರೆಸಿದ ಜಾಗದಲ್ಲಿ ಟೈರ್ ತಗುಲಿದೆ.

ಹಿಂದಿನ ಮಡ್‌ಗಾರ್ಡಿನ ಒಳಅಂಚನ್ನು ಮಡಿಸಿ ಕೆಲವು ಮಿಲಿಮೀಟರ್ ಗಳಿಸಬಹುದು. ಬಿಸಿಗಾಳಿಯಿಂದ ಬಣ್ಣವನ್ನು ಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವೇ, ಹಲವು ಸಲ. ಆದರೆ ಎರಡು ತಗಡು ಸೇರುವ ಜಾಗ ಅದು. ಒಳಗೆ ತುಕ್ಕು, ಹೊರಗೆ ಪುಟ್ಟಿ ಇದ್ದರೆ ಮಡಿಸುವಾಗ ಬಿಸ್ಕತ್ತಿನಂತೆ ಉದುರುತ್ತದೆ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅಲ್ಲಿರುವುದು ಪುಟ್ಟಿ. ಇನ್ನೂ ಅಗಲ ಬೇಕೇ ಬೇಕೆಂದರೆ ಕಮಾನಿನ ಮೇಲೆ ರಿವೆಟ್ ಹೊಡೆದು ಕೂರಿಸುವ ಹೊರಪಟ್ಟಿ ಇದೆ. ಅದೇನೂ ಇತ್ತೀಚಿನ ಶೋಕಿಯಲ್ಲ. 1971ರಲ್ಲಿ ಜಪಾನಿನಲ್ಲಿ ಬಂದ 240ಝಡ್‌ಜಿಯನ್ನು ಕಂಪನಿಯೇ ಅಂಥ ಪಟ್ಟಿಗಳೊಂದಿಗೆ ಮಾರಿತು. ಅದರ ಅಗಲ 1,690 ಮಿಮೀ, ಸಾಮಾನ್ಯ ಕಾರಿನದ್ದು 1,630.

ಕೊಂಡು, ಬಿಗಿದು, ಓಡಿಸುವುದು

ಟೈರಿನ ಪಕ್ಕೆಯಲ್ಲಿ ಅಳತೆಯ ನಂತರ ಬರುವ 88ಎಚ್, 91ವಿ ಎಂಬ ಗುರುತು ಹೊರೆಯದ್ದೂ ವೇಗದ್ದೂ. 88 ಎಂದರೆ ಒಂದು ಟೈರಿಗೆ 560 ಕಿಲೋ, 91 ಎಂದರೆ 615. ಈ ಹಗುರ ಕಾರಿಗೆ ಎರಡೂ ಧಾರಾಳ. ಹೊರೆಯ ಅಂಕಿ ಬಹಳ ಹೆಚ್ಚಿರುವ ಟೈರ್ ಬೇಡ. ಪಕ್ಕೆ ಬಿರುಸಾಗಿ ಕಾರು ಚೆಂಡಿನಂತೆ ಪುಟಿಯುತ್ತದೆ. ತಯಾರಾದ ದಿನವನ್ನು ನೋಡಿ: ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಉಳಿದೆರಡು ವರ್ಷ. ಅಪರೂಪದ ಅಳತೆಯ ಟೈರುಗಳು ಗೋದಾಮಿನಲ್ಲೇ ಮುದಿಯಾಗಿರುತ್ತವೆ. ಎರಡು ವರ್ಷಕ್ಕಿಂತ ಹಳೆಯದನ್ನು ಹೊಸದೆಂದು ಕೊಟ್ಟರೆ ನಾನು ಮರಳಿಸುತ್ತೇನೆ.

ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ, ಕೈಯಲ್ಲೇ ಮೊದಲು ಕೂರಿಸಿ, ಆಮೇಲೆ ಟಾರ್ಕ್ ಸ್ಪ್ಯಾನರಿನಲ್ಲಿ 80ರಿಂದ 90 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಅಂಗಡಿಯವರ ಗಾಳಿಯ ಗನ್ ಹತ್ತಿರ ಬರಲು ಬಿಡಬೇಡಿ. ಮಿಶ್ರಲೋಹದ ಹೊಸ ರಿಮ್ ಕೂತುಕೊಳ್ಳುತ್ತ ಸ್ವಲ್ಪ ಸಡಿಲವಾಗುತ್ತದೆ. ಎಂಬತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ.

ಟೈರ್ ತಣ್ಣಗಿರುವಾಗ ಗಾಳಿ 28ರಿಂದ 30 ಪಿಎಸ್‌ಐ ನನ್ನ ಆರಂಭ. ಈಗಿನ ಭಾರದ ಕಾರುಗಳ ಅಭ್ಯಾಸದಲ್ಲಿ ಅಂಗಡಿಯ ಹುಡುಗ 35 ತುಂಬಿಬಿಡುತ್ತಾನೆ, ಹಲ್ಲು ಕಟಕಟ ಎನ್ನುತ್ತದೆ. ಅಲೈನ್‌ಮೆಂಟ್ ಮಾಡಿಸುವಾಗ ಒಂದು ವಿಷಯ ಗೊತ್ತಿರಲಿ: ಮೂಲ ಝಡ್‌ನಲ್ಲಿ ಹೊಂದಿಸಬಹುದಾದದ್ದು ಮುಂದಿನ ಟೋ ಮಾತ್ರ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಹೊಂದಿಸಬೇಕಾದರೆ ಬುಷ್‌ಗಳನ್ನೋ ಸ್ಟ್ರಟ್‌ನ ಮೇಲ್ತುದಿಯನ್ನೋ ಬದಲಿಸಬೇಕು. ಹಿಂದಿನದನ್ನೂ ಹೊಂದಿಸಿದೆ ಎಂದು ಬಿಲ್ಲಿನಲ್ಲಿ ಬರೆದುಕೊಟ್ಟರೆ ಎಲ್ಲಿ ತಿರುಗಿಸಿದಿರಿ ಎಂದು ಕೇಳಿ.

ನನ್ನ ಕಾರಿನಲ್ಲಿ ಈಗಿರುವುದು 15×7, ಸೊನ್ನೆ ಆಫ್‌ಸೆಟ್, 205/60ಆರ್15. ತಿರುವಿನಲ್ಲಿ ಪಕ್ಕದವರ 225 ನನ್ನನ್ನು ಬಿಟ್ಟು ಮುಂದೆ ಹೋಗುತ್ತದೆ. ಹಿಂದಿನ ಮಡ್‌ಗಾರ್ಡಿನ ಅಂಚಿನಲ್ಲಿ ಆ ಕಪ್ಪು ರಿಮ್‌ಗಳ ಕಾಲದ ಬಣ್ಣ ಕಿತ್ತ ಗೆರೆ ಇನ್ನೂ ಇದೆ, ಬೆರಳಿಟ್ಟರೆ ತಿಳಿಯುತ್ತದೆ.